ಏಕಾದಶಿಯ ಮಲ್ಲಿಗೆ ಕಡ್ಡಿ

ನದಿ ದಂಡೆಯ ಊರೊಂದರಲ್ಲಿ ಸೇತುಮಾಧವರಾಯರೆಂಬ ಗೃಹಸ್ಥರಿದ್ದರು. ಅವರ ಹಿತ್ತಲಲ್ಲಿ ಹಳೆಯದೊಂದು ದುಂಡುಮಲ್ಲಿಗೆ. ದಿನವೂ ಊರ ಗೋಪಾಲಕೃಷ್ಣನ ಮುಡಿಗೆ ಅದರ ಹೂವೇ. ಅಂಥ ಗಿಡದ ಬುಡಕ್ಕೆ ಗೆದ್ದಲು ಹತ್ತಿತು. ಒಂದೊಂದೇ ಕೊಂಬೆ ಒಣಗುತ್ತ ಬಂತು. ಕಡ್ಡಿ ನೆಟ್ಟು ಬೇರು ಬರಿಸದಿದ್ದರೆ ಆ ಗಿಡದ ವಂಶವೇ ಮುಗಿಯುತ್ತಿತ್ತು.

ರಾಯರು ವ್ರತದಲ್ಲಿ ಬಹಳ ಬಿಗಿ. ಏಕಾದಶಿಯಂದು ಹನಿ ನೀರೂ ಮುಟ್ಟರು. ದೇವರ ಗಿಡಕ್ಕೂ ಅಂದು ಉಪವಾಸವೇ ಎಂದು ನೀರು ಹಾಕಗೊಡರು. ಸೊಸೆ ವೈದೇಹಿ ವಿಷಮಜ್ವರದಿಂದ ಆಗತಾನೆ ಎದ್ದಿದ್ದಳು. ಅವಳಿಗೂ ವಿನಾಯಿತಿ ಇರಲಿಲ್ಲ. ಕಷ್ಟ ಉಂಡ ಜೀವವೇ ಗಟ್ಟಿಯಾಗುವುದೆಂದು ಅವರ ನಂಬಿಕೆ.

ಪುಣ್ಯದಿನವೆಂದು ರಾಯರು ಏಕಾದಶಿಯ ಸಂಜೆಯೇ ಬಾಯಾರಿದ ಗಿಡದಿಂದ ಕಡ್ಡಿ ಕೊಯ್ದರು. ಸೂರ್ಯನಾರಾಯಣನ ದೃಷ್ಟಿ ಬೀಳಲೆಂದು ತುಳಸಿಕಟ್ಟೆಯ ಮುಂದಿನ ಬಯಲಲ್ಲಿ ನೆಟ್ಟರು. ಮರುದಿನದ ಬಿಸಿಲಿಗೇ ಎಲೆ ಸುರುಟಿದವು. ಗಾಬರಿಯಾಗಿ, ಜೀವ ಉಳಿದಿದ್ದ ಕೆಲವನ್ನು ಕತ್ತಲೆಯ ಉಗ್ರಾಣಕ್ಕೆ ಒಯ್ದು ಕೊಡಗಟ್ಟಲೆ ನೀರು ಸುರಿದರು. ಅವು ಕೊಳೆತುಹೋದವು.

ಮುಂದಿನ ಏಕಾದಶಿಗೆ ಗಿಡದಲ್ಲಿ ಹಸಿರಾಗಿ ಉಳಿದದ್ದು ಒಂದೇ ಕೊಂಬೆ. ರಾಯರು ಕುಡುಗೋಲು ಹಿಡಿದು ಹಿತ್ತಲಿಗೆ ಬಂದಾಗ ಅವರ ಅಕ್ಕ ಗೋದಾವರಿಬಾಯಿ ಗಿಡಕ್ಕೆ ನೀರೆರೆಯುತ್ತಿದ್ದರು.

"ಅಕ್ಕಾ, ಇವತ್ತು ಏಕಾದಶಿ," ಎಂದರು ರಾಯರು ಗಡುಸಾಗಿ.

"ಗೊತ್ತದ. ನಾನೂ ಮುಂಜಾನಿಂದ ಗುಟುಕು ನೀರು ಕುಡದಿಲ್ಲ." ಅಕ್ಕ ತಂಬಿಗೆ ಕೆಳಗಿಟ್ಟರು. "ಉಪವಾಸ ಮಾಡ್ಲಿಕ್ಕೂ ಬೇರು ಬೇಕೋ ಸೇತು. ನಮಗ ಅವ, ಮಾಡೋಣ. ಕೊಯ್ದ ಕಡ್ಡಿಗೆ ಎಲ್ಲ್ಯವ? ಕುಡೀಲಿಕ್ಕೆ ಬಾಯಿಲ್ಲ, ಎಲಿ ಮಾತ್ರ ಬಿಸಲಿಗೆ ಬೆವರತಾವ. ಮೊದಲು ನೆರಳು ಕೊಡು. ಬೇರು ಬಿಟ್ಟ ಮ್ಯಾಲೆ ತೋರಸು, ನಿನ್ನ ಸೂರ್ಯನಾರಾಯಣ ಎಲ್ಲೂ ಓಡಿ ಹೋಗೂದಿಲ್ಲ."

ರಾಯರು ಮನೆಯತ್ತ ತಿರುಗಿ ನೋಡಿದರು. ಒಳಗೆ ವೈದೇಹಿ ಗೋಡೆ ಹಿಡಿದು ಹೆಜ್ಜೆ ಇಡುವುದು ಬಾಗಿಲಿನಿಂದ ಕಾಣುತ್ತಿತ್ತು. ಕುಡುಗೋಲು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ತಾವೇ ಒಲೆ ಹೊತ್ತಿಸಿ ರವೆ ಗಂಜಿ ಕಾಯಿಸಿದರು. ಸೊಸೆ ಹಿಂಜರಿದಳು.

"ಕುಡಿ, ತಾಯಿ. ಗಟ್ಟಿಯಾದ ಮ್ಯಾಲೆ ಉಪವಾಸ ಮಾಡೀಯಂತ," ಎಂದರು.

ಮರುದಿನ ನಸುಕಿನಲ್ಲಿ, ನೀರುಂಡ ಕೊಂಬೆಯಿಂದ ಕಡ್ಡಿ ಕೊಯ್ದು ಮಣ್ಣಿನ ಕುಂಡದಲ್ಲಿ ನೆಟ್ಟರು. ಬೆಳಕು ಸೋಸಿ ಬೀಳುವ ಬಸಳೆ ಚಪ್ಪರದ ಕೆಳಗೆ ಅದನ್ನಿಟ್ಟು, ಮಣ್ಣು ಒಣಗದಷ್ಟೇ ನೀರು ಚಿಮುಕಿಸಿದರು. ತಡವಾಗಿಯಾದರೂ ಕಡ್ಡಿ ಚಿಗುರಿತು. ಆಮೇಲೆಯೇ ಕುಂಡವನ್ನು ಸ್ವಲ್ಪಸ್ವಲ್ಪವಾಗಿ ಬಿಸಿಲಿನತ್ತ ಸರಿಸಿದರು.

ಹಳೆಯ ಗಿಡ ಪೂರ್ತಿ ಒಣಗಿತು. ಮುಂದಿನ ಬೇಸಗೆಯಲ್ಲಿ ಹೊಸ ಗಿಡದ ಮೊದಲ ಹೂವನ್ನು ದೇವರಿಗೆಂದು ಬಿಡಿಸಿದವಳು ವೈದೇಹಿ. ಅಂದು ಏಕಾದಶಿ. ಯಾರೂ ಹೇಳದಿದ್ದರೂ ಅವಳು ಉಪವಾಸವಿದ್ದಳು.

ನೀತಿ: ತಪಸ್ಸು ಬೇರೂರಿದವರಿಗೆ ಒಪ್ಪುತ್ತದೆ. ಬೇರು ಬಿಡುವ ತನಕ ಎಳೆಯ ಜೀವಕ್ಕೆ ನೆರಳನ್ನೂ ಹದವಾದ ನೀರನ್ನೂ ಕೊಡುವುದೇ ಹಿರಿಯರು ಮಾಡಬೇಕಾದ ವ್ರತ.