ಹುಲಿಗೆವ್ವನ ಕೋಶಗಳು

ತುಂಗಭದ್ರೆಯ ದಂಡೆಯಲ್ಲಿ ಒಂದು ಪುಟ್ಟ ಪ್ರಯೋಗಾಲಯ. ಡಾಕ್ಟರ್ ಪಂಪಣ್ಣನವರು ಅಲ್ಲಿ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಶಿಷ್ಯರಿಗೂ ಊರವರಿಗೂ ಅವರು ಗುರುಗಳೇ.

ನಫೀಸಾ ಶಿಷ್ಯೆಯಾಗಿ ಅವರ ಬಳಿ ಸೇರಿ ಎರಡು ವರ್ಷವಾಗಿತ್ತು. ಚುರುಕು ಹುಡುಗಿ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವವಳು.

ಆ ವರ್ಷ, ಹೊಳೆಯಲ್ಲಿ ಮೀನು ಹಿಡಿಯುವ ಹುಲಿಗೆವ್ವನ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಸ್ಪತ್ರೆಯವರು ಅದನ್ನು ತೆಗೆದು, ಪರೀಕ್ಷಿಸಿ, ಕ್ಯಾನ್ಸರ್ ಅಲ್ಲ ಎಂದರು. ಗಂಟಿನ ಪಕ್ಕದ ಒಂದು ಚೂರನ್ನು ಅವಳ ಒಪ್ಪಿಗೆ ಪಡೆದು ಪ್ರಯೋಗಾಲಯಕ್ಕೆ ಕಳಿಸಿಕೊಟ್ಟರು.

ನಫೀಸಾ ಅದರ ಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದಳು. ವಾರದೊಳಗೆ ಅವು ಚಪ್ಪಟೆಯಾಗಿ ಹರಡಿಕೊಂಡವು. ಒಂದೇ ಸಮನೆ ಎರಡಾಗುತ್ತ, ನಾಲ್ಕಾಗುತ್ತ ಹೋದವು.

ಒಂದು ದಿನ ಹುಲಿಗೆವ್ವನೇ ಬುಟ್ಟಿ ಹೊತ್ತು ಬಾಗಿಲಿಗೆ ಬಂದಳು.

"ನನ್ನವು ಹೆಂಗದಾವವ್ವಾ?"

"ಕ್ಯಾನ್ಸರ್ ಬಂದವರ ಕೋಶಗಳ ಥರಾನೇ ಕಾಣ್ತಿವೆ," ಎಂದಳು ನಫೀಸಾ.

ಹುಲಿಗೆವ್ವ ಬುಟ್ಟಿ ಎತ್ತಿಕೊಂಡು ಹೋದಳು.

ಎರಡು ವಾರ ಕಳೆದು ನಫೀಸಾ ತಟ್ಟೆಯನ್ನು ಗುರುಗಳ ಮುಂದಿಟ್ಟಳು. "ಆಸ್ಪತ್ರೆಯವರು ತಪ್ಪು ಹೇಳಿದ್ದಾರೆ, ಗುರುಗಳೇ. ಈ ಕೋಶಗಳು ಕೆಟ್ಟಿವೆ."

ಗುರುಗಳು ಸೂಕ್ಷ್ಮದರ್ಶಕದೊಳಗೆ ಬಹಳ ಹೊತ್ತು ನೋಡಿದರು.

"ಇವನ್ನ ಯಾವುದರ ಮೇಲೆ ಬೆಳೆಸಿದೆ?"

"ಎಲ್ಲರೂ ಬಳಸೋ ತಟ್ಟೆ. ಪ್ಲಾಸ್ಟಿಕ್."

"ಮೊದಲು ಇವು ಎಲ್ಲಿದ್ದವು?"

"ಎದೆಯಲ್ಲಿ."

"ಚಪ್ಪಲಿ ಬಿಡು. ಕಣ್ಣು ಮುಚ್ಚು."

ಗುರುಗಳು ಅವಳ ಕೈ ಹಿಡಿದು ಹೊಳೆಗೆ ಕರೆದೊಯ್ದರು. ಕಲ್ಲಿನ ಮೆಟ್ಟಿಲು ಇಳಿಸಿದರು. ಮರಳು ದಾಟಿಸಿದರು. ನಿಂತರು.

"ಎಲ್ಲಿದ್ದೀಯ?"

"ಕೆಸರಲ್ಲಿ."

"ನಾನು ಹೇಳಿದೆನಾ?"

"ಇಲ್ಲ. ಕಾಲಿಟ್ಟು ಒತ್ತಿದೆ. ನೆಲ ಕುಸೀತು."

"ಆಗ ಕಾಲು ಏನು ಮಾಡ್ತು?"

ನಫೀಸಾ ಒಂದು ಕ್ಷಣ ಯೋಚಿಸಿದಳು. "ಬೆರಳು ಅಗಲ ಆಯ್ತು. ನಡಿಗೆ ನಿಧಾನ ಆಯ್ತು. ನಾನೇನೂ ಅಂದುಕೊಳ್ಳಲಿಲ್ಲ, ತಾನಾಗೇ ಆಯ್ತು."

"ಕೋಶಕ್ಕೂ ಕಣ್ಣಿಲ್ಲ," ಎಂದರು ಗುರುಗಳು. "ಸಣ್ಣ ಸಣ್ಣ ಕೈ ಚಾಚುತ್ತೆ. ಕೆಳಗೆ ಇರೋದನ್ನ ಹಿಡಿದು ಎಳೆದು ನೋಡುತ್ತೆ. ನೆಲ ಬಗ್ಗಿದರೆ ಒಂದು ಸುದ್ದಿ, ಬಗ್ಗದಿದ್ದರೆ ಇನ್ನೊಂದು. ಆ ಎಳೆತ ಒಳಗಿನ ಎಳೆಗಳ ಮೂಲಕ ಕೋಶದ ನಡುವಿನವರೆಗೂ ಮುಟ್ಟುತ್ತೆ. ಸುಮ್ಮನಿರಬೇಕಾ, ಬೆಳೀಬೇಕಾ, ಎದ್ದು ಹೊರಡಬೇಕಾ ಅನ್ನೋದು ಅದರಿಂದಲೂ ತೀರ್ಮಾನ ಆಗುತ್ತೆ."

ನಫೀಸಾ ಕಣ್ಣು ತೆರೆದಳು. "ಅಷ್ಟು ಚಿಕ್ಕದಕ್ಕೆ ಅಷ್ಟೆಲ್ಲ ಗೊತ್ತಾಗುತ್ತಾ?"

"ಅದಕ್ಕೆ ಯಾವತ್ತಿನಿಂದಲೋ ಗೊತ್ತು. ನಮಗೆ ಗೊತ್ತಾಗಿದ್ದು ಮೊನ್ನೆ ಮೊನ್ನೆ."

ನಫೀಸಾ ಅಂದೇ ಕೆಲಸಕ್ಕೆ ಕೂತಳು. ಎದೆಯ ಒಳಗಿನಷ್ಟೇ ಮೆತ್ತಗಿರುವ ಲೋಳೆ ತಯಾರಿಸಿದಳು. ಇನ್ನೊಂದು ತಟ್ಟೆಗೆ ಅದನ್ನೇ ಗಟ್ಟಿಯಾಗಿ ಮಾಡಿದಳು. ತೆಗೆದಿಟ್ಟಿದ್ದ ಹುಲಿಗೆವ್ವನ ಕೋಶಗಳನ್ನು ಎರಡಕ್ಕೂ ಬಿಟ್ಟಳು.

ಹನ್ನೊಂದನೆಯ ದಿನ ಬೆಳಗ್ಗೆ ಮೆತ್ತನೆಯ ತಟ್ಟೆಯನ್ನು ನೋಡಿದಳು. ಕೋಶಗಳು ಗುಂಪುಗೂಡಿ ಪುಟ್ಟ ಗುಂಡುಗಳಾಗಿದ್ದವು. ಪ್ರತಿ ಗುಂಡಿನ ನಡುವೆ ಒಂದಿಷ್ಟು ಖಾಲಿ ಜಾಗ, ಹಾಲು ನಿಲ್ಲುವಷ್ಟು. ಯಾರೂ ಹೇಳಿಕೊಡದೆ ಅವು ಎದೆಯೊಳಗೆ ಹೇಗಿದ್ದವೋ ಹಾಗೇ ಮನೆ ಕಟ್ಟಿಕೊಂಡಿದ್ದವು. ನಫೀಸಾಳಿಗೆ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ.

ಗಟ್ಟಿ ತಟ್ಟೆಯಲ್ಲಿ ಗುಂಡುಗಳು ಒಡೆದಿದ್ದವು. ಕೋಶಗಳು ಹೊರಕ್ಕೆ ಕೈ ಚಾಚಿದ್ದವು.

ಆಗ ಅವಳಿಗೆ ಬಾಗಿಲಲ್ಲಿ ನಿಂತಿದ್ದ ಹುಲಿಗೆವ್ವ ನೆನಪಾದಳು. ಓಡಿಹೋಗಿ ಗುರುಗಳಿಗೆ ಎಲ್ಲವನ್ನೂ ಹೇಳಿದಳು.

ಗುರುಗಳು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ನಿನ್ನೆ ಹುಲಿಗೆವ್ವ ಮಗಳ ಮದುವೆಗೆ ಕರೆಯೋಕೆ ಬಂದಿದ್ದಳು. ಬರೋ ಸೋಮವಾರ. ಹುಡುಗಿಯ ನರ್ಸಿಂಗ್ ಓದು ಅರ್ಧಕ್ಕೆ ಬಿಡಿಸಿದ್ದಾಳೆ. ಯಾಕಿಷ್ಟು ಅವಸರ ಅಂದೆ. ನಾನು ಇರೋದರೊಳಗೆ ಒಂದು ಕಾರ್ಯ ಆಗಿಬಿಡಲಿ ಅಂದಳು. ಯಾಕೆ ಹಾಗಂದಳು ಅಂತ ಈಗ ಗೊತ್ತಾಯ್ತು."

ನಫೀಸಾ ಕೈ ಮುಗಿದಳು. "ನೀವು ಬಂದು ಹೇಳಿ ಗುರುಗಳೇ. ನಿಮ್ಮ ಮಾತಾದರೆ ನಂಬ್ತಾಳೆ."

ಗುರುಗಳು ಎದ್ದು ಬಾಗಿಲು ತೆರೆದು ಹಿಡಿದರು. "ಹೇಳಿದ್ದು ನೀನು."

ಹುಲಿಗೆವ್ವ ಮನೆ ಮುಂದೆ ಕೂತು ಬಲೆ ಹೊಲಿಯುತ್ತಿದ್ದಳು. ಮಗಳು ದುರುಗಮ್ಮ ಹೊಸ್ತಿಲಲ್ಲಿ ನಿಂತಿದ್ದಳು.

"ನಾನು ಅವತ್ತು ಹೇಳಿದ್ದು ತಪ್ಪು," ಎಂದಳು ನಫೀಸಾ. "ಆಸ್ಪತ್ರೆಯವರು ಹೇಳಿದ್ದೇ ಸರಿ. ನಿನಗೆ ಆ ರೋಗ ಇಲ್ಲ. ಗಟ್ಟಿ ತಟ್ಟೆಯಲ್ಲಿಟ್ಟು, ನಿನ್ನ ಕೋಶಗಳೇ ಕೆಟ್ಟಿವೆ ಅಂದುಬಿಟ್ಟೆ."

ಹುಲಿಗೆವ್ವನ ಕೈ ನಿಂತಿತು.

"ಒಂದು ತಿಂಗಳು," ಎಂದಳು. "ಒಂದು ತಿಂಗಳು ದಿನಾ ಸತ್ತೀನಿ ನಾನು."

ನಫೀಸಾ ತಲೆ ತಗ್ಗಿಸಿದಳು. ಆದರೆ ಅಲ್ಲಿಂದ ಕದಲಲಿಲ್ಲ.

ಬಹಳ ಹೊತ್ತಾದ ಮೇಲೆ ಹುಲಿಗೆವ್ವ ಮಗಳ ಕಡೆ ತಿರುಗಿದಳು. "ಬೀಗರಿಗೆ ಫೋನ್ ಹಚ್ಚು. ಓದು ಮುಗಿದ ಮ್ಯಾಲೆ ಮಾತಾಡೂಣು ಅನ್ನು."

ದುರುಗಮ್ಮ ಆಗಲೇ ಫೋನಿಗೆ ಒಳಗೆ ಓಡಿದ್ದಳು.

ಹುಲಿಗೆವ್ವ ಬಲೆ ಬದಿಗಿಟ್ಟು ಎದ್ದಳು. "ನಡಿ. ನನ್ನ ಕಣ್ಣಿಗೆ ತೋರಿಸು."

ಪ್ರಯೋಗಾಲಯದಲ್ಲಿ ನಫೀಸಾ ಮೆತ್ತನೆಯ ತಟ್ಟೆಯನ್ನಿಟ್ಟಳು. ಹುಲಿಗೆವ್ವ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದಳು.

"ಮೀನಿನ ತತ್ತಿ ಇದ್ದಂಗ ಅದಾವಲ್ಲ! ಇವು ನನ್ನವಾ?"

"ನಿನ್ನವೇ."

ನಫೀಸಾ ಗಟ್ಟಿ ತಟ್ಟೆಯನ್ನಿಟ್ಟಳು.

"ಇವು ಯಾರವು?"

"ಇವೂ ನಿನ್ನವೇ. ಕೆಳಗಿನ ನೆಲ ಮಾತ್ರ ಬೇರೆ."

ಹುಲಿಗೆವ್ವ ನೆಟ್ಟಗೆ ನಿಂತಳು. ಕೈ ತಾನಾಗಿ ಎದೆಯ ಮೇಲೆ ಹೋಯಿತು.

"ನಮ್ಮವ್ವ ಈ ರೋಗದಾಗ ಹೋದ್ಲು. ಆಕೀ ಗಂಟು ಕಲ್ಲಾಗಿತ್ತು, ನಾನ ಮುಟ್ಟಿದ್ದೆ. ಒಂದು ಕೇಳ್ಲ್ಯಾ? ಗಟ್ಟಿ ಆಗಿದ್ದಕ್ಕ ರೋಗ ಬರ್ತೈತೋ, ರೋಗ ಬಂದಿದ್ದಕ್ಕ ಗಟ್ಟಿ ಆಗ್ತೈತೋ?"

ನಫೀಸಾ ಎರಡೂ ತಟ್ಟೆಗಳನ್ನು ಮತ್ತೊಮ್ಮೆ ನೋಡಿದಳು.

"ಒಂದನ್ನೊಂದು ಬೆಳೆಸ್ತವೆ ಅಂತ ಕಾಣುತ್ತವ್ವಾ. ಮೊದಲು ಯಾವುದು ಅಂತ ನನಗೆ ಗೊತ್ತಿಲ್ಲ."

ಕಿಟಕಿಯ ಬಳಿ ಕೂತಿದ್ದ ಗುರುಗಳು ಎದ್ದು ಬಂದರು. ತಮ್ಮ ಕುರ್ಚಿಯನ್ನು ಎಳೆದು ತಂದು ಹುಲಿಗೆವ್ವನ ಹಿಂದೆ ಇಟ್ಟರು.

"ಕೂತ್ಕೋ ತಾಯಿ. ಮೂವತ್ತು ವರ್ಷದಿಂದ ನಾನೂ ಅದನ್ನೇ ಕೇಳ್ತಿದ್ದೀನಿ."