ಮುದ್ರೆ ಒಡೆದ ಮಗ್ಗ

“ಗುರುಗಳೇ, ಈ ಫೋನು ನನ್ನ ದುಡಿಮೆಯಲ್ಲಿ ಕೊಂಡದ್ದು. ಒಳಗಿನ ತಂತ್ರಾಂಶ ಬದಲಿಸಿದರೆ ಕಾನೂನಿಗೆ ವಿರುದ್ಧ ಎನ್ನುತ್ತಾರೆ. ನನ್ನ ವಸ್ತುವನ್ನು ನಾನು ತಿದ್ದಿಕೊಳ್ಳಲು ಇನ್ನೊಬ್ಬರ ಅಪ್ಪಣೆ ಬೇಕೇ?” ಎಂದು ಶಿಷ್ಯ ಶಂಭುಲಿಂಗ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ನೇಯ್ಗೆಯ ಹೆಣ್ಣುಮಗಳೊಬ್ಬಳು ವರ್ತಕನಿಂದ ಮಗ್ಗ ಕೊಂಡಳು. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂಬುದನ್ನು ತೂತು ಕೊರೆದ ರಟ್ಟಿನ ಪಟ್ಟಿಗಳು ಆ ಮಗ್ಗಕ್ಕೆ ತಿಳಿಸುತ್ತಿದ್ದವು. ಪಟ್ಟಿಗಳ ಪೆಟ್ಟಿಗೆಗೆ ವರ್ತಕ ಅರಗಿನ ಮುದ್ರೆ ಒತ್ತಿದ್ದ. ಮಗ್ಗ ಮಾವಿನಕಾಯಿಯ ಅಂಚನ್ನು ಬಿಟ್ಟು ಬೇರೇನೂ ನೇಯದು. ಊರಿನ ಮನೆಮನೆಯಲ್ಲೂ ಅದೇ ಮಗ್ಗ, ಅದೇ ಅಂಚು. ನೇಯ್ದ ಸೀರೆ ಕೇಳುವವರಿರಲಿಲ್ಲ.

ಒಂದು ದಿನ ಮದುಮಗಳ ತಾಯಿ ಬಂದು ಗೋಧಿತೆನೆಯ ಅಂಚು ಬೇಕೆಂದಳು. ನೇಯ್ಗೆಯವಳು ಒಪ್ಪಿದಳು. ಮುದ್ರೆ ಒಡೆದಳು. ಹೊಸ ರಟ್ಟು ಕತ್ತರಿಸಿ ತಾನೇ ತೂತು ಕೊರೆದಳು. ಮಗ್ಗದ ಮೇಲಿನ ಸೀರೆಯಲ್ಲಿ ತೆನೆ ಮೂಡತೊಡಗಿತು.

ವರ್ತಕ ಅವಳನ್ನು ಊರ ಹಿರಿಯರ ಮುಂದೆ ನಿಲ್ಲಿಸಿದ. “ಮುದ್ರೆ ಒಡೆದಿದ್ದಾಳೆ, ಇದು ಕಳ್ಳತನ” ಎಂದ.

“ನಿನ್ನ ಪಟ್ಟಿಗಳ ನಕಲು ತೆಗೆದು ಮಾರಿದಳೇ?” ಎಂದು ಹಿರಿಯರು ಕೇಳಿದರು.

“ಇಲ್ಲ.”

“ಮಗ್ಗವನ್ನು ಬಾಡಿಗೆಗೆ ಕೊಟ್ಟೆಯೋ, ಮಾರಿದೆಯೋ?”

“ಮಾರಿದೆ.”

“ಹಾಗಾದರೆ ಅದು ಅವಳದು. ಆದರೆ ಇನ್ನು ಮುಂದೆ ಅದು ಕೆಟ್ಟರೆ ಸರಿಮಾಡಿಕೊಡುವ ಹೊಣೆ ನಿನಗಿಲ್ಲ.”

ಅವಳು ತಲೆ ಎತ್ತಿಕೊಂಡು ಮನೆಗೆ ನಡೆದಳು.

ಮದುವೆಗೆ ವಾರವಿರುವಾಗ, ಸೆರಗಿಗೆಂದು ಕೊರೆದ ಪಟ್ಟಿಗಳನ್ನು ಹೂಡಿದ ಮೇಲೆ, ಅಂಚು ಕೆಟ್ಟಿತು. ಎಳೆ ಸಿಕ್ಕಿಕೊಂಡು ತೆನೆಗಳು ಮುರಿದು ಬರತೊಡಗಿದವು. ಅವಳು ವರ್ತಕನ ಬಳಿ ಓಡಿದಳು.

“ತಂಗೀ, ಹಿರಿಯರ ಮಾತು ನೀನೂ ಕೇಳಿದ್ದೀಯಲ್ಲ” ಎಂದು ಅವನು ಮೆಲ್ಲಗೆ ಹೇಳಿದ.

ದಾರಿಯುದ್ದಕ್ಕೂ ಅವನನ್ನು ಶಪಿಸಿದಳು. ಮನೆಗೆ ಬಂದು ಮಗ್ಗದ ಮರವನ್ನು ಬೈದಳು, ನೂಲನ್ನು ಬೈದಳು. ಬೈಗುಳ ಮುಗಿದ ಮೇಲೆ ಪಟ್ಟಿಗಳನ್ನು ಕಳಚಿ, ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡತೊಡಗಿದಳು. ಇನ್ನೂರಕ್ಕೂ ಹೆಚ್ಚು ಪಟ್ಟಿಗಳು. ಮೂರನೆಯ ದಿನ ಸಿಕ್ಕಿತು. ಒಂದು ತೂತು ಒಂದು ಸಾಲು ಕೆಳಗೆ ಬಿದ್ದಿತ್ತು. ಕೊರೆದದ್ದು ಅವಳದೇ ಕೈ.

ಅವಳು ಕೆಟ್ಟ ನೇಯ್ಗೆಯನ್ನು ಬಿಚ್ಚಿದಳು. ಆಮೇಲೆ ಹೊಸ ರಟ್ಟು ಕತ್ತರಿಸಿದಳು. ಸೀರೆ ಹೊತ್ತಿಗೆ ಸರಿಯಾಗಿ ಮದುಮಗಳ ಮನೆ ಸೇರಿತು.

ಶಂಭುಲಿಂಗನ ಮುಖ ಅರಳಿತು. “ಅಂತೂ ಹಿರಿಯರ ತೀರ್ಪಿನ ದಿನವೇ ಮಗ್ಗ ಅವಳದಾಯಿತು, ಅಲ್ಲವೇ ಗುರುಗಳೇ?”

“ಅಂದಲ್ಲ. ತಾನೇ ಕೊರೆದ ಆ ತಪ್ಪು ತೂತು ಅವಳ ಕಣ್ಣಿಗೆ ಬಿದ್ದ ದಿನ ಆಯಿತು” ಎಂದರು ಗುರುಗಳು.