ಬೆನ್ನಿಗೆ ಹತ್ತಿದ ಕೆಮ್ಮಣ್ಣು

ಗರಡಿಯೊಂದರಲ್ಲಿ ಚೆಲುವರಾಜು ಎಂಬ ಪೈಲ್ವಾನನಿದ್ದ. ಆ ಗರಡಿಯಲ್ಲೊಂದು ಪದ್ಧತಿ: ಗೆದ್ದವನು ಸೋತವನನ್ನು ಎಬ್ಬಿಸಿ, ಬೆನ್ನಿಗೆ ಹತ್ತಿದ ಕೆಮ್ಮಣ್ಣನ್ನು ತನ್ನ ಕೈಯಿಂದಲೇ ಕೊಡವಬೇಕು. ಚೆಲುವರಾಜು ಎಷ್ಟೋ ಬೆನ್ನು ಕೊಡವಿದ್ದ. ಅವನ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ. ಗರಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದ.

ಒಮ್ಮೆ ಪರವೂರಿನ ಮದುವೆಯಲ್ಲಿ ಪಂತ ಕಟ್ಟಿ ಹೋಳಿಗೆ ತಿಂದು ಮಲಗಿದವನು ಬೆಳಿಗ್ಗೆ ಏಳಲಾಗಲಿಲ್ಲ. ಕಾಲೆರಡೂ ಕಲ್ಲಾಗಿದ್ದವು. ನೆಂಟರು ಆಸ್ಪತ್ರೆಗೆ ಹೊತ್ತೊಯ್ದರು.

“ನಿಮ್ಮ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡ್ತಿದೆ,” ಎಂದರು ಡಾಕ್ಟರಮ್ಮ. “ಅದರಿಂದ ರಕ್ತದಲ್ಲಿರೋ ಪೊಟ್ಯಾಸಿಯಂ ಲವಣ ಸ್ನಾಯುಗಳೊಳಗೆ ಹೋಗಿ ಅವಿತಿದೆ, ಅದಕ್ಕೇ ಕಾಲು ಸೋತಿವೆ.” ಪೊಟ್ಯಾಸಿಯಂ ಔಷಧಿಯನ್ನು ಸ್ವಲ್ಪವೇ ಕುಡಿಸಿ, ರಕ್ತ ಪರೀಕ್ಷಿಸಿ, ಕಾದರು.

“ನಾನು ಬಿಂದಿಗೆ ಹಾಲು ಕುಡಿಯೋನು. ಇದು ಯಾವ ಮೂಲೆಗೆ ಡಾಕ್ಟ್ರಮ್ಮ?”

“ಅವಿತಿರೋದು ತಾನಾಗಿ ಹೊರಗೆ ಬರುತ್ತೆ ಪೈಲ್ವಾನ್ರೇ. ಕುಡಿದದ್ದೂ ಅದರ ಜೊತೆ ಸೇರಿ ವಿಪರೀತವಾದ್ರೆ ಹೃದಯ ನಿಲ್ಲಬಹುದು. ಗ್ರಂಥಿಯ ಮಾತ್ರೆ ತಪ್ಪಿಸಬೇಡಿ. ಅದು ಹತೋಟಿಗೆ ಬರೋವರೆಗೆ ಅತಿಯಾದ ಊಟ, ಅತಿಯಾದ ಸಾಮು ಬೇಡ. ಮತ್ತೆ ಕಾಲು ಸೋತರೆ ನೀವೇ ವೈದ್ಯ ಮಾಡ್ಕೋಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.”

ಕಾಲು ಸರಿಹೋಗಿ ಗರಡಿಗೆ ಮರಳಿದವನು ಯಾರಿಗೂ ಹೇಳಲಿಲ್ಲ. ಪೊಟ್ಯಾಸಿಯಂ ಔಷಧಿಯ ಸೀಸೆಯೊಂದನ್ನು ಗುಟ್ಟಾಗಿ ತಂದಿಟ್ಟುಕೊಂಡ. ಕಾಯಿಲೆ ಮುಚ್ಚಿಡಲು ಮೊದಲಿನಷ್ಟೇ ಸಾಮು ಮಾಡಿದ, ಮೊದಲಿನಷ್ಟೇ ತಿಂದ.

ಒಂದು ಮುಂಜಾನೆ ಕಾಲು ಮತ್ತೆ ಸೋತವು. ಗೋಡೆಯಾಚೆ ತೊಡೆ ತಟ್ಟುವ ಸದ್ದು, ನಗು. ಅಷ್ಟು ಹತ್ತಿರ ಅಷ್ಟು ಜನ. ಅವನು ಬಿದ್ದಿದ್ದಾನೆಂದು ಬಲ್ಲವರು ಒಬ್ಬರೂ ಇಲ್ಲ. ಕೈಚಾಚಿ ಸೀಸೆ ಎಳೆದುಕೊಂಡು ಮುಚ್ಚಳ ತೆಗೆದ. ಎಲ್ಲವನ್ನೂ ಕುಡಿದರೆ ಬೇಗ ಎದ್ದುಬಿಡಬಹುದು, ಯಾರಿಗೂ ತಿಳಿಯುವುದಿಲ್ಲ. ಎದೆ ಡವಡವ ಬಡಿಯುತ್ತಿತ್ತು. ಇದೂ ನಿಂತರೆ? ಆಗಲೂ ಯಾರಿಗೂ ತಿಳಿಯುವುದಿಲ್ಲ.

ಸೀಸೆ ಕೆಳಗಿಟ್ಟ. ಕಾಲು ಸೋತಿದ್ದರೂ ದನಿ ಸೋತಿರಲಿಲ್ಲ. “ಉಸ್ತಾದ್ರೇ!” ಎಂದು ಕೂಗಿದ.

ಕುಸ್ತಿ ಕಲಿಸುವ ಉಸ್ತಾದರು ಓಡಿಬಂದರು. ಹಿಂದೆಯೇ ಮರಿಸ್ವಾಮಿ, ನಿನ್ನೆಯಷ್ಟೇ ಇವನ ಕೈಯಲ್ಲಿ ಚಿತ್ತಾಗಿದ್ದವನು. ಚೆಲುವರಾಜು ಎಲ್ಲವನ್ನೂ ಹೇಳಿದ.

“ಇಷ್ಟು ದಿನ ಬಾಯಿ ಬಿಡೋಕೇನಾಗಿತ್ತೋ ನಿನಗೆ?” ಉಸ್ತಾದರು ಗದರಿದರು.

ಆಟೋ ಬರುವವರೆಗೆ ಅವನನ್ನು ಅಖಾಡದ ಮಣ್ಣಿನ ಮೇಲೆ ಮಲಗಿಸಿದರು. ಅವನ ಬೆನ್ನು ಮೊದಲ ಸಲ ಆ ಮಣ್ಣು ಮುಟ್ಟಿತು. ಎತ್ತುವಾಗ ಮರಿಸ್ವಾಮಿ ಬೆನ್ನು ಕೊಡವಿದ.

“ಈ ಬೆನ್ನು ಕೊಡವೋಕೆ ಎಷ್ಟು ವರ್ಷ ಕಾದಿದ್ದೆ ಅಣ್ಣ! ಆದ್ರೆ ಇದು ಲೆಕ್ಕಕ್ಕಿಲ್ಲ. ಎದ್ದು ಬಾ.”

ಚೆಲುವರಾಜು ಮುಖ ತಿರುಗಿಸಿಕೊಂಡು ಅತ್ತ.

ಆಸ್ಪತ್ರೆಯಲ್ಲಿ ಮತ್ತೆ ಅದೇ ಸ್ವಲ್ಪ ಔಷಧಿ, ಅದೇ ರಕ್ತ ಪರೀಕ್ಷೆ, ಅದೇ ಕಾಯುವುದು. ಈ ಸಲ ಜೊತೆಗೆ ಕಾಯುವವರಿದ್ದರು. ಅವನ ಕಾಲಿನ ಹೆಬ್ಬೆರಳು ಅಲುಗಿದ್ದನ್ನು ಮೊದಲು ಕಂಡವನು ಮರಿಸ್ವಾಮಿ.

ನೀತಿ: ಮೈಯಲ್ಲಿ ಕುಗ್ಗಿದ್ದನ್ನು ಒಮ್ಮೆಗೇ ತುಂಬಹೊರಟರೆ ಜೀವಕ್ಕೇ ಮುಳುವು, ಔಷಧಿಯ ಅಳತೆ ವೈದ್ಯರ ಕೈಯಲ್ಲಿರಲಿ. ಹಠ ಗರಡಿಯಲ್ಲಿರಲಿ. ಬಿದ್ದಾಗ ಕೂಗಿ ಕರೆಯುವುದು ಸೋಲಲ್ಲ.